ಒಂದು ಹಲಗೆಗೆ ಗೆದ್ದಲು ಹಿಡಿದರೆ ವಠಾರವೆಲ್ಲ ಖಾಲಿಯೇ?

ಪ್ರೀತಿಯ ಮಕ್ಕಳೇ, ಪಕ್ಕದಲ್ಲೇ ಕನ್ನಡಕ ಏರಿಸಿ ಕುಳಿತಿರುವ ಅಜ್ಜ-ಅಜ್ಜಿಯರೇ,

ಈ ವಾರದ ಪ್ರಶ್ನೆ ಎಂಟನೇ ತರಗತಿಯ ಹುಡುಗಿಯೊಬ್ಬಳದು. ‘ಮನುಷ್ಯರು ಲೆಕ್ಕ ತಪ್ಪಬಹುದು, ಕಂಪ್ಯೂಟರ್ ತಪ್ಪೋದಿಲ್ಲ ಅಂತ ನಮ್ಮಜ್ಜ ಹೇಳ್ತಾರೆ. ನಿಜವಾ? ಒಂದು ವೇಳೆ ತಪ್ಪಿದರೆ, ತಾನು ತಪ್ಪಿದೆ ಅಂತ ಅದಕ್ಕೇ ಗೊತ್ತಾಗುತ್ತಾ?’ ಎಂದು ಕೇಳಿದ್ದಾಳೆ.

ಅಜ್ಜನ ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲಿ ಒಂದು ದೊಡ್ಡ ಕಥೆಯೇ ಇದೆ. ಅದನ್ನು ಬೆಲ್ಜಿಯಂ ದೇಶದಿಂದ ಶುರು ಮಾಡೋಣ.

2003ರ ಮೇ 18ರಂದು ಅಲ್ಲಿ ಚುನಾವಣೆ ನಡೆಯಿತು. ರಾಜಧಾನಿ ಬ್ರಸೆಲ್ಸ್‌ಗೆ ಸೇರಿದ ಸ್ಕಾರ್‌ಬೇಕ್ ಎಂಬಲ್ಲಿ ಮತ ಎಣಿಸಿದ್ದು ಕಂಪ್ಯೂಟರ್. ಒಬ್ಬ ಅಭ್ಯರ್ಥಿಗೆ ಬಂದ ಮತಗಳನ್ನು ನೋಡಿ ಅಧಿಕಾರಿಗಳು ಹುಬ್ಬೇರಿಸಿದರು. ಅಷ್ಟು ಮತ ಬರಲು ಲೆಕ್ಕದ ಪ್ರಕಾರ ಸಾಧ್ಯವೇ ಇರಲಿಲ್ಲ! ಮತ್ತೆ ಎಣಿಸಿದಾಗ ಸರಿಯಾದ ಸಂಖ್ಯೆ ಸಿಕ್ಕಿತು. ಮೊದಲ ಎಣಿಕೆಯಲ್ಲಿ ಹೆಚ್ಚಾಗಿದ್ದುದು ಸರಿಯಾಗಿ 4096 ಮತ.

ಈ 4096 ಎಂಬ ಸಂಖ್ಯೆಯೇ ಕಳ್ಳನ ಹೆಜ್ಜೆಗುರುತು. ಹೇಗೆ ಗೊತ್ತೇ? 1ರಿಂದ ಶುರು ಮಾಡಿ ದುಪ್ಪಟ್ಟು ಮಾಡುತ್ತಾ ಹೋಗಿ: 1, 2, 4, 8, 16, 32... ಹದಿಮೂರನೆಯ ಸ್ಥಾನದಲ್ಲಿ 4096 ಬರುತ್ತದೆ. ಕಂಪ್ಯೂಟರ್ ಅಂಕಿಗಳನ್ನು ಬರೆದಿಡುವುದು ಹೀಗೆಯೇ. ಪ್ರತಿ ಸ್ಥಾನದಲ್ಲೂ ಸೊನ್ನೆ ಅಥವಾ ಒಂದು, ಅಷ್ಟೇ. ಆ ಒಂದೊಂದು ಸ್ಥಾನದ ಹೆಸರು ‘ಬಿಟ್’. ಹದಿಮೂರನೆಯ ಬಿಟ್ ಒಂದು ತಾನಾಗಿಯೇ ಸೊನ್ನೆಯಿಂದ ಒಂದಕ್ಕೆ ಮಗುಚಿಕೊಂಡರೆ ಉತ್ತರಕ್ಕೆ 4096 ಸೇರಿಬಿಡುತ್ತದೆ. ಪರಿಶೀಲಿಸಿದ ತಜ್ಞರ ಅನುಮಾನವೂ ಇದೇ ಆಗಿತ್ತು. ಕಾರ್ಯಕ್ರಮ ಬರೆದವರ ತಪ್ಪು ಸಿಗಲಿಲ್ಲ. ಒಂದು ಬಿಟ್ ಮಗುಚಿತ್ತು, ಅಷ್ಟೇ.

ಬಿಟ್ ಏಕೆ ಮಗುಚುತ್ತದೆ?

ಕಂಪ್ಯೂಟರಿನ ನೆನಪು ಅಂದರೆ ಮೆಮೊರಿ, ಕಲ್ಲಿನ ಮೇಲೆ ಕೆತ್ತಿದ ಶಾಸನದಂತಲ್ಲ. ತೂತು ಬಿದ್ದ ಬಿಂದಿಗೆಗಳ ಸಾಲು ಎಂದುಕೊಳ್ಳಿ. ಬಿಂದಿಗೆಯಲ್ಲಿ ವಿದ್ಯುತ್ತು ತುಂಬಿದ್ದರೆ ಒಂದು, ಖಾಲಿಯಾಗಿದ್ದರೆ ಸೊನ್ನೆ. ವಿದ್ಯುತ್ತು ಸೋರಿಹೋಗುತ್ತಲೇ ಇರುವುದರಿಂದ ಸೆಕೆಂಡಿಗೆ ಸುಮಾರು 15 ಸಲ ಅದನ್ನು ನೋಡಿ ಮತ್ತೆ ತುಂಬಿಸಬೇಕು. 8 ಜಿಬಿ ಮೆಮೊರಿಯಲ್ಲಿ ಇಂಥ ಬಿಂದಿಗೆಗಳು ಸುಮಾರು 6,870 ಕೋಟಿ! ಅಷ್ಟೊಂದರಲ್ಲಿ ಒಂದು ಎಂದೋ ಒಮ್ಮೆ ಕೈಕೊಟ್ಟರೆ ಆಶ್ಚರ್ಯವೇನು?

ಕೈಕೊಡಲು ಕಾರಣಗಳೂ ಹಲವು. 1978ರ ಸುಮಾರಿಗೆ ಅಮೆರಿಕದ ಇಂಟೆಲ್ ಕಂಪನಿಯ ತಿಮೋಥಿ ಮೇ ಮತ್ತು ಮರ್ರಿ ವುಡ್ಸ್ ಒಂದನ್ನು ಪತ್ತೆ ಮಾಡಿದರು. ಚಿಪ್‌ಗೆ ಹೊದಿಸಿದ್ದ ಪಿಂಗಾಣಿಯಲ್ಲಿ ಅತ್ಯಲ್ಪ ಯುರೇನಿಯಂ ಮತ್ತು ಥೋರಿಯಂ ಬೆರೆತಿತ್ತು. ಅದರಿಂದ ಸಿಡಿದ ಆಲ್ಫಾ ಕಣಗಳು ಬಿಟ್‌ಗಳನ್ನು ಕೆಡಿಸುತ್ತಿದ್ದವು. ಇನ್ನೊಂದು ಕಾರಣ ಆಕಾಶದಿಂದಲೇ ಬರುತ್ತದೆ. ಅದು ವಿಶ್ವಕಿರಣ. ಅದರ ಮಳೆ ನಮ್ಮೆಲ್ಲರ ಮೇಲೆ ಸದಾ ಸುರಿಯುತ್ತಿದೆ. ಅದರಿಂದ ತಪ್ಪಿಸಿಕೊಂಡು ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣವನ್ನು ಹುಡುಕಬೇಕಾದಾಗ ನಮ್ಮ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ 2 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಬೇಕಾಯಿತು. 1965ರಲ್ಲಿ ಅವರಿಗೆ ಅದು ಸಿಕ್ಕಿತು ಕೂಡ!

ಮೂರನೆಯ ಕಾರಣ ಅಜ್ಜ-ಅಜ್ಜಿಯರಿಗೆ ಹೇಳಿಕೊಡಬೇಕಿಲ್ಲ: ವಯಸ್ಸು. ಚಿಪ್‌ಗಳೂ ಸವೆಯುತ್ತವೆ. ಗೂಗಲ್ ಕಂಪನಿಯ ಸಾವಿರಾರು ಯಂತ್ರಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ 100 ಮೆಮೊರಿ ಪಟ್ಟಿಗಳ ಪೈಕಿ 8ಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ತಪ್ಪು ಮಾಡಿದ್ದವು. ಹೆಚ್ಚಿನ ತಪ್ಪುಗಳಿಗೆ ಕಾರಣ ವಿಶ್ವಕಿರಣವಲ್ಲ, ಕೆಟ್ಟ ಚಿಪ್ಪೇ ಎಂದು ಆ ಅಧ್ಯಯನ ಹೇಳಿತು.

ಹುಣಸೆ ಬೀಜದ ಆಟ

ತಪ್ಪಿದ್ದು ಕಂಪ್ಯೂಟರಿಗೇ ಗೊತ್ತಾಗುವುದು ಹೇಗೆ? ಚೌಕಾಬಾರಕ್ಕೆಂದು ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜಗಳು ಅಜ್ಜಿಯ ಬಳಿ ಇದ್ದರೆ ಕೇಳಿ ತನ್ನಿ. 25 ಬೇಕು.

ಮೊದಲು 16 ಬೀಜಗಳನ್ನು ನಾಲ್ಕು ಸಾಲು, ನಾಲ್ಕು ಕಂಬವಾಗಿ, ಅಂದರೆ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕರಂತೆ ಜೋಡಿಸಿ. ಬಿಳಿ, ಕಪ್ಪು ಹೇಗೆ ಬಿದ್ದರೂ ಸರಿ. ಈಗ ಪ್ರತಿ ಸಾಲಿನ ಕೊನೆಗೆ ಒಂದೊಂದು ಬೀಜ ಸೇರಿಸಿ. ಆ ಸಾಲಿನ ಒಟ್ಟು ಬಿಳಿ ಬೀಜಗಳು ಸಮಸಂಖ್ಯೆ ಆಗುವಂತೆ ಇಡಬೇಕು. ಸಾಲಿನಲ್ಲಿ ಮೂರು ಬಿಳಿ ಇದ್ದರೆ ಐದನೆಯದು ಬಿಳಿ, ಎರಡಿದ್ದರೆ ಐದನೆಯದು ಕಪ್ಪು. ಆಮೇಲೆ ಐದೂ ಕಂಬಗಳ ಕೆಳಗೆ ಇದೇ ಲೆಕ್ಕದಲ್ಲಿ ಒಂದೊಂದು ಇಡಿ. ಈಗ ಯಾವ ಸಾಲು, ಯಾವ ಕಂಬ ಎಣಿಸಿದರೂ ಬಿಳಿ ಬೀಜ ಸಮ.

ನೀವು ಆ ಕಡೆ ತಿರುಗಿ ಕುಳಿತುಕೊಳ್ಳಿ. ಅಜ್ಜಿ ಯಾವುದಾದರೂ ಒಂದು ಬೀಜವನ್ನು ಮಗುಚಲಿ. ನೀವು ತಿರುಗಿ ಎಣಿಸಿ. ಒಂದೇ ಒಂದು ಸಾಲಿನಲ್ಲಿ ಬೆಸ ಬರುತ್ತದೆ. ಒಂದೇ ಒಂದು ಕಂಬದಲ್ಲಿ ಬೆಸ ಬರುತ್ತದೆ. ಅವೆರಡೂ ಕೂಡುವ ಜಾಗದ ಬೀಜವೇ ಕಳ್ಳ. ಮತ್ತೆ ಮಗುಚಿದರೆ ಎಲ್ಲವೂ ಮೊದಲಿನಂತೆ!

ಅಜ್ಜಿ ಜಾಣೆ. ಒಂದೇ ಸಾಲಿನ ಎರಡು ಬೀಜ ಮಗುಚಿದರೆ? ಆ ಸಾಲು ಸಮವಾಗಿಯೇ ಉಳಿಯುತ್ತದೆ. ಎರಡು ಕಂಬಗಳು ಬೆಸವಾಗುತ್ತವೆ. ಏನೋ ಕೆಟ್ಟಿದೆ ಎಂದು ನಿಮಗೆ ಖಂಡಿತ ಗೊತ್ತು. ಆದರೆ ಯಾವ ಸಾಲಿನಲ್ಲಿ ಎಂದು ಗೊತ್ತಿಲ್ಲ. ತಿದ್ದಲು ಬರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದೇ ಜಾತಿಯ, ಆದರೆ ಇನ್ನೂ ಕಡಿಮೆ ಬೀಜ ಕೇಳುವ ಲೆಕ್ಕವನ್ನು ಕಂಡುಹಿಡಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್. ಅಲ್ಲಿನ ಯಂತ್ರ ವಾರದ ದಿನಗಳಲ್ಲಿ ತಪ್ಪು ಕಂಡರೆ ನಿಂತು ಕೆಲಸದವರನ್ನು ಕರೆಯುತ್ತಿತ್ತು. ವಾರಾಂತ್ಯದಲ್ಲಿ ಯಾರೂ ಇಲ್ಲದಾಗ ಆ ಲೆಕ್ಕವನ್ನೇ ಕೈಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ಎರಡು ವಾರಾಂತ್ಯ ಹ್ಯಾಮಿಂಗ್ ಅವರ ಲೆಕ್ಕಕ್ಕೆ ಹೀಗೇ ಆಯಿತು. ತಪ್ಪಿದೆ ಎಂದು ತಿಳಿಯುವ ಯಂತ್ರಕ್ಕೆ ಎಲ್ಲಿ ತಪ್ಪಿದೆ ಎಂದು ತಿಳಿದು ತಿದ್ದಿಕೊಳ್ಳಲು ಏಕಾಗಬಾರದು ಎಂದು ಅವರಿಗೆ ಸಿಟ್ಟು ಬಂತು. ಆ ಸಿಟ್ಟಿನ ಫಲ 1950ರಲ್ಲಿ ಪ್ರಕಟವಾಯಿತು. ದೊಡ್ಡ ಸರ್ವರ್ ಯಂತ್ರಗಳ ಮೆಮೊರಿಯಲ್ಲಿ ಪ್ರತಿ 64 ಬಿಟ್‌ಗೆ 8 ಕಾವಲು ಬಿಟ್‌ಗಳನ್ನು ಇಡುವ ಪದ್ಧತಿ ಅದರಿಂದಲೇ ಬೆಳೆದದ್ದು. ಒಂದು ಬಿಟ್ ಕೆಟ್ಟರೆ ತಿದ್ದುತ್ತದೆ. ಎರಡು ಕೆಟ್ಟರೆ ತಿದ್ದಲಾರದು, ಆದರೆ ಕೂಗಿ ಹೇಳುತ್ತದೆ. ಮನೆಯ ಸಾಮಾನ್ಯ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಈ 8 ಕಾವಲುಗಾರರು ಇರುವುದಿಲ್ಲ.

ಕೂಗಿದಾಗ ಕೇಳುವವರು ಯಾರು?

ಕೂಗು ಹೋಗುವುದು ಕರ್ನೆಲ್‌ಗೆ. ಯಂತ್ರದ ಭಾಗಗಳನ್ನೆಲ್ಲ ಆಳುವ, ಯಾವ ಕೆಲಸಕ್ಕೆ ಎಷ್ಟು ಜಾಗ, ಎಷ್ಟು ಸಮಯ ಎಂದು ಹಂಚಿಕೊಡುವ ಕಾರ್ಯಕ್ರಮ ಅದು. ಮನೆಯ ಯಜಮಾನ ಎನ್ನಿ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಇಂದು ಜಗತ್ತಿನ ಬಹುಪಾಲು ದೊಡ್ಡ ಯಂತ್ರಗಳನ್ನು ನಡೆಸುವ ಕರ್ನೆಲ್. ನಿಮ್ಮ ಮನೆಯ ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದೂ ಅದೇ.

ತಿದ್ದಲಾಗದ ತಪ್ಪಿನ ಕೂಗು ಕೇಳಿದರೆ ಹಿಂದೆ ಸಾಮಾನ್ಯ ಸರ್ವರ್‌ಗಳ ಕರ್ನೆಲ್‌ಗೆ ಒಂದೇ ದಾರಿ ಗೊತ್ತಿತ್ತು: ಎಲ್ಲವನ್ನೂ ನಿಲ್ಲಿಸುವುದು. ಇದಕ್ಕೆ ಎಂಜಿನಿಯರುಗಳು ಇಟ್ಟ ಹೆಸರೇ ‘ಪ್ಯಾನಿಕ್’, ಅಂದರೆ ಗಾಬರಿ! ಕೇಳಲು ತಮಾಷೆ, ಆದರೆ ಅದರಲ್ಲಿ ವಿವೇಕವೂ ಇದೆ. ಕೆಟ್ಟ ಅಂಕಿ ಇಟ್ಟುಕೊಂಡು ಲೆಕ್ಕ ಮುಂದುವರಿಸಿದರೆ ಯಾರದೋ ಬ್ಯಾಂಕ್ ಖಾತೆಯೋ, ರೋಗಿಯ ಔಷಧಿಯ ಪ್ರಮಾಣವೋ ಸದ್ದಿಲ್ಲದೆ ಬದಲಾಗಬಹುದು. ಸುಳ್ಳು ಉತ್ತರ ಕೊಡುವುದಕ್ಕಿಂತ ‘ನನ್ನಿಂದ ಆಗದು’ ಎಂದು ನಿಲ್ಲುವುದು ಮೇಲು.

ಒಂದು ಯಂತ್ರದಲ್ಲಿ ಒಬ್ಬರೇ ಕೆಲಸ ಮಾಡುತ್ತಿದ್ದಾಗ ಇದು ನಡೆಯುತ್ತಿತ್ತು. ಆಮೇಲೆ ಯಂತ್ರಗಳು ವಠಾರಗಳಾದವು.

ಯಂತ್ರದೊಳಗಿನ ವಠಾರ

ವಠಾರ ನೋಡದ ಮಕ್ಕಳು ಅಜ್ಜಿಯನ್ನು ಕೇಳಿ. ಒಂದೇ ಹೆಬ್ಬಾಗಿಲು, ಒಳಗೆ ಎದುರುಬದುರು ಪುಟ್ಟ ಪುಟ್ಟ ಮನೆಗಳ ಸಾಲು, ಎಲ್ಲರಿಗೂ ಒಂದೇ ನಲ್ಲಿ. ಮಾಲೀಕ ಒಬ್ಬ, ಬಾಡಿಗೆದಾರರು ಹತ್ತಾರು. ಆದರೂ ಬಾಗಿಲು ಹಾಕಿಕೊಂಡರೆ ಪ್ರತಿಯೊಬ್ಬರಿಗೂ ಅದು ತಮ್ಮದೇ ಮನೆ.

ಒಂದು ದೊಡ್ಡ ಸರ್ವರ್‌ನೊಳಗೆ ಹೀಗೆ ಮಾಡಿದ ಒಂದೊಂದು ಮನೆಯ ಹೆಸರು ವರ್ಚುವಲ್ ಮಷೀನ್, ಅಂದರೆ ತೋರಿಕೆಯ ಯಂತ್ರ. ಪ್ರತಿಯೊಂದರ ಒಳಗೂ ಅದರದೇ ಕರ್ನೆಲ್ ಇರುತ್ತದೆ. ತಾನೇ ಇಡೀ ಯಂತ್ರದ ಒಡೆಯ ಎಂದು ಅದು ನಂಬಿರುತ್ತದೆ. ಐಬಿಎಂ ಕಂಪನಿ 1960ರ ದಶಕದಲ್ಲೇ ಇಂಥ ವ್ಯವಸ್ಥೆ ಕಟ್ಟಿತ್ತು. ಲಿನಕ್ಸ್‌ಗೆ ವಠಾರದ ಮಾಲೀಕನಾಗುವ ವಿದ್ಯೆ ‘ಕೆವಿಎಂ’ ಎಂಬ ಹೆಸರಿನಲ್ಲಿ 2007ರಲ್ಲಿ ಸೇರಿತು. ನೀವು ಮೊಬೈಲಿನಲ್ಲಿ ನೋಡುವ ಎಷ್ಟೋ ಸೇವೆಗಳ ಹಿಂದೆ ಇಂಥ ಬಾಡಿಗೆ ಮನೆಗಳಿವೆ. ಒಂದೇ ಯಂತ್ರದಲ್ಲಿ ಒಂದು ಮನೆ ಅಂಗಡಿಯದು, ಇನ್ನೊಂದು ಶಾಲೆಯದು, ಮತ್ತೊಂದು ಆಸ್ಪತ್ರೆಯದು ಇರಬಹುದು.

ಈಗ ಯೋಚಿಸಿ. ನಮ್ಮ ಕಥೆಯ ವಠಾರದಲ್ಲಿ ಎಲ್ಲ ಮನೆಗಳ ಮೇಲೂ ಹಾದುಹೋಗುವ ಒಂದೇ ಉದ್ದನೆಯ ಅಟ್ಟವಿದೆ. ಅಟ್ಟವೇ ಮೆಮೊರಿ. ಅದರ ಒಂದೊಂದು ಹಲಗೆಯೂ ಮೆಮೊರಿಯ ಒಂದೊಂದು ‘ಪುಟ’. ಸಾಮಾನ್ಯವಾಗಿ ಪುಟವೊಂದರಲ್ಲಿ 4096 ಬೈಟ್ ಹಿಡಿಸುತ್ತದೆ (ಬೆಲ್ಜಿಯಂನ ಸಂಖ್ಯೆ ಮತ್ತೆ ಬಂತು ನೋಡಿ!). 256 ಜಿಬಿ ಮೆಮೊರಿಯ ಸರ್ವರ್‌ನಲ್ಲಿ ಇಂಥ ಹಲಗೆಗಳು 6 ಕೋಟಿ 71 ಲಕ್ಷ. ಅದರಲ್ಲಿ ಒಂದು ಹಲಗೆಗೆ ಗೆದ್ದಲು ಹಿಡಿಯಿತೆಂದು ಮಾಲೀಕ ಗಾಬರಿಯಾಗಿ ಗಂಟೆ ಬಾರಿಸಿ ಎಲ್ಲ ಮನೆಯವರನ್ನೂ ಬೀದಿಗೆ ಕಳಿಸಿದರೆ? ಆಸ್ಪತ್ರೆಯ ಮನೆಗೂ ಬೀಗ ಬೀಳುತ್ತದೆ.

ಇದು ಅಪರೂಪದ ಮಾತೂ ಅಲ್ಲ. ಆಗಲೇ ಹೇಳಿದ 2009ರ ಅಧ್ಯಯನದಲ್ಲಿ ವರ್ಷಕ್ಕೆ 1000 ಯಂತ್ರಗಳಲ್ಲಿ ಸುಮಾರು 13ಕ್ಕೆ ತಿದ್ದಲಾಗದ ತಪ್ಪು ಎದುರಾಗಿತ್ತು. 10,000 ಯಂತ್ರಗಳಿರುವ ಕಡೆ ಅದೇ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಮೂರು ದಿನಕ್ಕೊಂದು ವಠಾರ ಖಾಲಿ!

ಗುರುತು ಹಾಕಿ ಬೇರೆ ಇಡು

ಇದಕ್ಕೆ ಲಿನಕ್ಸ್‌ನಲ್ಲಿ ಪರಿಹಾರ ಬರೆದವರಲ್ಲಿ ಮುಖ್ಯರು ಆಂಡಿ ಕ್ಲೀನ್ ಮತ್ತು ಫೆಂಗ್‌ಗುವಾಂಗ್ ವು. 2009ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ ಆವೃತ್ತಿಯಲ್ಲಿ ಅದು ಸೇರಿತು. ಹೆಸರು ‘ಹಾರ್ಡ್‌ವೇರ್ ಪಾಯ್ಸನ್’. ಕೆಟ್ಟ ಪುಟದ ಮೇಲೆ ‘ಇದು ವಿಷ, ಮುಟ್ಟಬೇಡಿ’ ಎಂದು ಗುರುತು ಹಾಕುವ ಕ್ರಮ ಅದು. ಅದಕ್ಕೆ ತಕ್ಕ ಪ್ರೊಸೆಸರುಗಳೂ ಆಗ ಬರತೊಡಗಿದ್ದವು.

ಮಾಲೀಕ ಈಗ ಗಾಬರಿಯಾಗುವುದಿಲ್ಲ. ಮೊದಲು ಹಲಗೆಯ ಸಂಖ್ಯೆ ನೋಡಿ, ಅದರ ಮೇಲೆ ಏನಿದೆ ಎಂದು ವಿಚಾರಿಸುತ್ತಾನೆ.

ಹಲಗೆ ಖಾಲಿ ಇದ್ದರೆ ಕೆಲಸ ಸುಲಭ. ಇನ್ನು ಮುಂದೆ ಯಾರಿಗೂ ಕೊಡದಂತೆ ಮೊಳೆ ಹೊಡೆದರಾಯಿತು.

ಮೇಲಿರುವುದು ಅಂಗಡಿಯಲ್ಲಿ ಸಿಗುವ ಅಚ್ಚಿನ ಪಂಚಾಂಗವಾದರೆ ಅದನ್ನು ಬಿಸಾಡಿ ಇನ್ನೊಂದು ಪ್ರತಿ ತಂದು ಒಳ್ಳೆಯ ಹಲಗೆಯ ಮೇಲೆ ಇಟ್ಟರಾಯಿತು. ಮೆಮೊರಿಯಲ್ಲೂ ಎಷ್ಟೋ ಪುಟಗಳು ಡಿಸ್ಕ್‌ನಲ್ಲಿರುವ ಕಡತದ ನಕಲುಗಳು. ಮತ್ತೆ ಓದಿಕೊಂಡರೆ ಮುಗಿಯಿತು. ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಕಷ್ಟ ಬರುವುದು ಮೂರನೆಯ ಸಂದರ್ಭದಲ್ಲಿ. ಅಲ್ಲಿ ಇದ್ದುದು ಅಜ್ಜಿ ಕೈಯಾರೆ ಬರೆದಿಟ್ಟ ಹಾಡಿನ ಪುಸ್ತಕ, ಬೇರೆಲ್ಲೂ ಪ್ರತಿ ಇಲ್ಲ. ಗೆದ್ದಲು ತಿಂದದ್ದು ತಿಂದಂತೆಯೇ. ಆಗ ಮಾಲೀಕ ಮಾಡಬೇಕಾದದ್ದು ಎರಡು: ಆ ಹಲಗೆಗೆ ಹತ್ತುವ ಏಣಿ ತೆಗೆದುಬಿಡುವುದು, ಸಂಬಂಧಪಟ್ಟವರಿಗೆ ಇದ್ದದ್ದನ್ನು ಇದ್ದಹಾಗೆ ಹೇಳುವುದು.

ಹೇಳುವುದರಲ್ಲೂ ಒಂದು ತೊಡಕಿದೆ. ಮಾಲೀಕನ ಪುಸ್ತಕದಲ್ಲಿ ಆ ಹಲಗೆಯ ಸಂಖ್ಯೆ 42,170 ಎಂದಿರಲಿ. ಬಾಡಿಗೆದಾರ ತನ್ನ ಅಟ್ಟದ ಹಲಗೆಗಳನ್ನು ಒಂದರಿಂದ ಎಣಿಸಿಕೊಂಡಿದ್ದಾನೆ. ಅವನಿಗೆ ಅದು 12ನೆಯ ಹಲಗೆ. ‘42,170 ಕೆಟ್ಟಿದೆ’ ಎಂದರೆ ಅವನಿಗೆ ಅರ್ಥವಾದೀತೇ? ಅದಕ್ಕಾಗಿ ಪ್ರತಿ ಮನೆಗೂ ಒಬ್ಬ ಗುಮಾಸ್ತನಿದ್ದಾನೆ. ಲಿನಕ್ಸ್ ವಠಾರದಲ್ಲಿ ಅವನ ಹೆಸರು ‘ಕ್ಯೂಎಮು’. ಮಾಲೀಕ ಅವನಿಗೆ ಸಂದೇಶ ಕಳಿಸುತ್ತಾನೆ. ಗುಮಾಸ್ತ ಲೆಕ್ಕ ನೋಡಿ, ಮನೆಯ ಹಿರಿಯನಿಗೆ, ಅಂದರೆ ಒಳಗಿನ ಕರ್ನೆಲ್‌ಗೆ, ‘ನಿಮ್ಮ 12ನೆಯ ಹಲಗೆ ಕೆಟ್ಟಿದೆ’ ಎಂದು ತಿಳಿಸುತ್ತಾನೆ. ತಿಳಿಸುವ ರೀತಿ ನಿಜವಾದ ಯಂತ್ರವೇ ಕೂಗಿದಂತೆ ಇರುತ್ತದೆ. ಆದ್ದರಿಂದ ಒಳಗಿನ ಕರ್ನೆಲ್ ಹೊಸದೇನೂ ಕಲಿಯಬೇಕಿಲ್ಲ. ನಿಜ ಯಂತ್ರದಲ್ಲಿ ಮಾಡುವುದನ್ನೇ ಇಲ್ಲೂ ಮಾಡುತ್ತದೆ. ಖಾಲಿಯೇ? ನಕಲು ಇದೆಯೇ? ಇಲ್ಲವಾದರೆ ಬಳಸುತ್ತಿದ್ದವರು ಯಾರು? ಬಳಸುತ್ತಿದ್ದ ಒಂದು ಕಾರ್ಯಕ್ರಮ ಮಾತ್ರ ನಿಲ್ಲುತ್ತದೆ. ಆ ಮನೆಯ ಉಳಿದ ಕೆಲಸ ನಡೆಯುತ್ತದೆ. ಪಕ್ಕದ ಮನೆಯಲ್ಲಿ ಒಗ್ಗರಣೆ ಸಿಡಿಯುವ ಸದ್ದೂ ನಿಲ್ಲುವುದಿಲ್ಲ.

ಮುಂದೆಂದೋ ಆ ಬಾಡಿಗೆ ಯಂತ್ರವನ್ನು ನಿಲ್ಲಿಸಿ ಹೊಸದಾಗಿ ಶುರು ಮಾಡಿದಾಗ ಗುಮಾಸ್ತ ಕೆಟ್ಟ ಹಲಗೆಯ ಜಾಗಕ್ಕೆ ಹೊಸ ಹಲಗೆ ಕೊಡಿಸುತ್ತಾನೆ. ಬಾಡಿಗೆದಾರನ ಲೆಕ್ಕದಲ್ಲಿ ಅದು ಮತ್ತೆ 12ನೆಯ ಹಲಗೆಯೇ!

ರಾತ್ರಿ ಗಸ್ತು

ಗೆದ್ದಲು ಹಿಡಿದದ್ದು ಯಾರಾದರೂ ಕಾಲಿಟ್ಟಾಗ ಗೊತ್ತಾಗುವುದು ಒಂದು ಬಗೆ. ಆಗ ಕ್ಷಣವೂ ತಡಮಾಡುವಂತಿಲ್ಲ. ಕಾಲಿಡುವ ಮೊದಲೇ ಗೊತ್ತಾಗುವುದು ಇನ್ನೊಂದು ಬಗೆ. ಅದಕ್ಕಾಗಿ ದೊಡ್ಡ ಯಂತ್ರಗಳಲ್ಲಿ ಗಸ್ತು ವ್ಯವಸ್ಥೆ ಇದೆ. ಮೆಮೊರಿಯ ಮೂಲೆ ಮೂಲೆಯನ್ನೂ ಯಂತ್ರವೇ ನಿಧಾನವಾಗಿ ಓದುತ್ತಾ, ಒಂಟಿ ತಪ್ಪುಗಳನ್ನು ತಿದ್ದುತ್ತಾ ಸುತ್ತು ಹೊಡೆಯುತ್ತಿರುತ್ತದೆ. ಗಸ್ತಿನಲ್ಲಿ ಸಿಕ್ಕಿದ ತಪ್ಪಿಗೆ ಕರ್ನೆಲ್ ‘ತಿಳಿದಿರಲಿ, ಅವಸರವಿಲ್ಲ’ ಎಂಬ ಸಂದೇಶ ಕಳಿಸುತ್ತದೆ. ಕಾಲಿಟ್ಟಾಗ ಸಿಕ್ಕಿದ್ದಕ್ಕೆ ‘ಈಗಲೇ ನಿಲ್ಲು’ ಎಂಬ ಸಂದೇಶ. ಎರಡು ಬೇರೆ ಬೇರೆ.

ಇನ್ನೂ ಒಂದು ಜಾಣತನವಿದೆ. ಒಂದೇ ಹಲಗೆ ಮತ್ತೆ ಮತ್ತೆ ಕಿರುಗುಟ್ಟುತ್ತಿದ್ದರೆ ಮುರಿಯುವವರೆಗೆ ಕಾಯುವುದೇಕೆ? ತಿದ್ದಿದ ತಪ್ಪುಗಳನ್ನೂ ಎಣಿಸಿಟ್ಟು, ಒಂದು ಪುಟದಲ್ಲಿ ಅವು ಹೆಚ್ಚಾದರೆ ಅಲ್ಲಿರುವುದನ್ನೆಲ್ಲ ಒಳ್ಳೆಯ ಪುಟಕ್ಕೆ ಸಾಗಿಸಿ ಹಳೆಯದಕ್ಕೆ ನಿವೃತ್ತಿ ಕೊಡಬಹುದು.

ಹಾಗಾದರೆ ಗಾಬರಿ ಪೂರ್ತಿ ಹೋಯಿತೇ? ಇಲ್ಲ. ಕೆಟ್ಟದ್ದು ಮಾಲೀಕನೇ ಲೆಕ್ಕದ ಪುಸ್ತಕ ಇಟ್ಟುಕೊಂಡ ಹಲಗೆಯಾದರೆ, ಯಾವ ಹಲಗೆ ಯಾರದು ಎಂಬುದೇ ನಂಬಲಾಗದ ಸ್ಥಿತಿ. ಆಗ ಇಂದಿಗೂ ಯಂತ್ರ ನಿಲ್ಲಬೇಕಾಗುತ್ತದೆ. ನಿಲ್ಲುವುದೇ ಸರಿ.

ಆದ್ದರಿಂದ ಪ್ರಶ್ನೆ ಕೇಳಿದ ಹುಡುಗಿಗೆ ಉತ್ತರ ಹೀಗೆ: ಕಂಪ್ಯೂಟರ್ ತಪ್ಪುತ್ತದೆ ಪುಟ್ಟೀ. ಕಾವಲು ಬಿಟ್‌ಗಳಿದ್ದರೆ ತಪ್ಪಿದ್ದು ಸಾಮಾನ್ಯವಾಗಿ ಅದಕ್ಕೆ ಗೊತ್ತಾಗುತ್ತದೆ. ಗೊತ್ತಾದಾಗ ಒಳ್ಳೆಯ ಕರ್ನೆಲ್ ತಪ್ಪನ್ನು ಮುಚ್ಚಿಡುವುದಿಲ್ಲ, ಊರೆಲ್ಲ ಡಂಗುರವನ್ನೂ ಹೊಡೆಸುವುದಿಲ್ಲ. ಕೆಟ್ಟದ್ದಕ್ಕೆ ಗುರುತು ಹಾಕಿ, ನಷ್ಟವಾದವರಿಗೆ ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ, ಉಳಿದವರ ಕೆಲಸ ಕೆಡದಂತೆ ನೋಡಿಕೊಳ್ಳುತ್ತದೆ. ಅಜ್ಜನಿಗೆ ಇದನ್ನು ಓದಿ ಹೇಳು. ವಠಾರದಲ್ಲಿ ಬಾಳಿದವರಾದರೆ ಅವರಿಗೆ ನಿನಗಿಂತ ಬೇಗ ಅರ್ಥವಾದೀತು!

ಈ ವಾರದ ಒಗಟು: 25 ಹುಣಸೆ ಬೀಜಗಳಲ್ಲಿ ಅಜ್ಜಿ ಈ ಸಲ ನಾಲ್ಕನ್ನು ಮಗುಚಿದರು. ನೀವು ತಿರುಗಿ ಎಣಿಸಿದರೆ ಎಲ್ಲ ಸಾಲೂ ಸಮ, ಎಲ್ಲ ಕಂಬವೂ ಸಮ. ತಪ್ಪು ನಡೆದದ್ದೇ ಗೊತ್ತಾಗಲಿಲ್ಲ! ಅಜ್ಜಿ ಮಗುಚಿದ್ದು ಎಂಥ ನಾಲ್ಕು ಬೀಜ? ಸುಳಿವು: ಮೇಜಿನ ಕಾಲುಗಳನ್ನು ನೋಡಿ. ಉತ್ತರ ಮುಂದಿನ ವಾರ.